ಹೊಲಕ್ಕೆ ಎಣ್ಣಿ (ಕೀಟನಾಶಕ) ಹೊಡೆಯುವವರು ಅರಿವಳಿಕೆ ಡಾಕ್ಟರಿಗೆ ಏನು ಹೇಳಬೇಕು?

ಪ್ರಶ್ನೆ: ನಮ್ಮ ಅಪ್ಪಾರು ಮೆಣಸಿನಕಾಯಿ ಹೊಲಕ್ಕ ಎಣ್ಣಿ ಹೊಡೀತಾರ. ಮುಂದಿನ ವಾರ ಹುಬ್ಬಳ್ಳ್ಯಾಗ ಪಿತ್ತಕೋಶದ ಆಪರೇಷನ್ ಐತಿ. ಎಣ್ಣಿ ವಿಷಯ ಡಾಕ್ಟರಿಗೆ ಹೇಳಬೇಕೇನು?
— ಬ್ಯಾಡಗಿ ತಾಲ್ಲೂಕಿನ ಓದುಗರು

ಹೇಳಲೇಬೇಕು. ಅದೂ ಸರ್ಜನ್‌ಗಷ್ಟೇ ಅಲ್ಲ, ಅರಿವಳಿಕೆ ಕೊಡುವವರಿಗೆ. ಶುಗರ್, ಬಿ.ಪಿ., ಬೀಡಿ ಎಲ್ಲ ಅವರೇ ಕೇಳುತ್ತಾರೆ. ಎಣ್ಣಿ ಬಗ್ಗೆ ಕೇಳಿಯೇ ಕೇಳುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ.

ಪೂರ್ತಿ ಅರಿವಳಿಕೆಯಲ್ಲಿ ನಿದ್ದೆಯ ಔಷಧ ಬೇರೆ, ಸ್ನಾಯು ಸಡಿಲಿಸುವ ಔಷಧ ಬೇರೆ. ಗಂಟಲಿಗೆ ಬೇಗ ನಳಿಕೆ ಇಳಿಸಬೇಕಾದಾಗ ಕೊಡುವುದು ಸಕ್ಸಿನೈಲ್‌ಕೋಲಿನ್. ಆಪರೇಷನ್ ಥಿಯೇಟರಿನಲ್ಲಿ ‘ಸ್ಕೋಲಿನ್’ ಅಂದರೆ ಸಾಕು. ಕಿಲೋ ತೂಕಕ್ಕೆ 1ರಿಂದ 1.5 ಮಿಲಿಗ್ರಾಂ. ರೆಪ್ಪೆ, ತೋಳು, ಕಾಲು ಸಣ್ಣಗೆ ಅದುರಿ ಒಂದು ನಿಮಿಷದೊಳಗೆ ಮೈಯೆಲ್ಲ ಸಡಿಲ. 5–10 ನಿಮಿಷಕ್ಕೆ ಉಸಿರು ಮರಳುತ್ತದೆ. ಇಷ್ಟು ಬೇಗ ಇಳಿಯುವುದು ಲಿವರ್ ತಯಾರಿಸಿ ರಕ್ತಕ್ಕೆ ಬಿಡುವ ಕೋಲಿನೆಸ್ಟರೇಸ್ ಎಂಬ ಕಿಣ್ವದಿಂದ. ಔಷಧದ ಬಹುಪಾಲನ್ನು ಅದು ಸ್ನಾಯು ಮುಟ್ಟುವ ಮೊದಲೇ ಒಡೆದುಬಿಡುತ್ತದೆ.

ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್‌ನಂಥ ಆರ್ಗನೋಫಾಸ್ಫೇಟ್ ಎಣ್ಣಿಗಳು ಕೆಡಿಸುವುದು ಇದೇ ಕಿಣ್ವವನ್ನು. ಕುಡಿಯಬೇಕೆಂದೇನಿಲ್ಲ, ಬೆನ್ನಿನ ಪಂಪು ಸೋರಿ ಅಂಗಿ ತೊಯ್ದರೆ ಚರ್ಮದಿಂದಲೇ ಒಳಗಿಳಿಯುತ್ತದೆ. ಕೆಟ್ಟ ಕಿಣ್ವ ರಿಪೇರಿಯಾಗುವುದಿಲ್ಲ, ಲಿವರ್ ಹೊಸದನ್ನೇ ಮಾಡಬೇಕು. ಅದಕ್ಕೆ ಕೆಲವು ವಾರಗಳೇ ಹಿಡಿಯುತ್ತವೆ. ಹಾಗಾಗಿ ‘ನಾಲ್ಕು ದಿನದಿಂದ ಹೊಡೆದಿಲ್ಲ’ ಅಂದರೆ ಕೆಲಸವಾಗದು. ಅಂಥವರಿಗೆ ಸ್ಕೋಲಿನ್ ಕೊಟ್ಟರೆ ಹತ್ತು ನಿಮಿಷದ ಔಷಧ ತಾಸುಗಟ್ಟಲೆ ಎಳೆಯಬಹುದು. ಆಗ ವೆಂಟಿಲೇಟರ್ ಮೇಲಿಟ್ಟು, ನಿದ್ದೆಯ ಔಷಧ ಮುಂದುವರಿಸಿ ಕಾಯುವುದೇ ದಾರಿ. ನಿದ್ದೆ ಇಳಿಸಿಬಿಟ್ಟರೆ ಎಚ್ಚರವಿದ್ದೂ ಬೆರಳು ಎತ್ತಲಾಗದ ಸ್ಥಿತಿ. ಬೇರೆ ಸ್ನಾಯು ಸಡಿಲಿಸುವ ಔಷಧಗಳನ್ನು ಇಳಿಸಲು ಬಳಸುವ ನಿಯೋಸ್ಟಿಗ್ಮಿನ್ ಕೊಟ್ಟು ಇಳಿಸೋಣವೆಂದರೆ ಅದೂ ಇದೇ ಕಿಣ್ವವನ್ನು ತಡೆಯುವಂಥದ್ದು!

ಇದಕ್ಕಾಗಿ ಆಪರೇಷನ್ ಬಿಡಬೇಕಿಲ್ಲ, ವಿಷಯ ಗೊತ್ತಿದ್ದರಾಯಿತು. ಸ್ನಾಯು ಸಡಿಲಿಸುವ ಬೇರೆ ಔಷಧಗಳಾದ ರೊಕುರೋನಿಯಂ, ಅಟ್ರಾಕುರಿಯಂ, ವೆಕುರೋನಿಯಂ ಈ ಕಿಣ್ವವನ್ನು ನಂಬಿಕೊಂಡಿಲ್ಲ. ಕಿಲೋಗೆ 1.2 ಮಿಲಿಗ್ರಾಂ ರೊಕುರೋನಿಯಂ ಹೆಚ್ಚುಕಡಿಮೆ ಸ್ಕೋಲಿನ್ನಿನಷ್ಟೇ ಬೇಗ ಹಿಡಿಯುತ್ತದೆ, ಇಳಿಸಲು ಸುಗಮಾಡೆಕ್ಸ್ ಎಂಬ ಔಷಧ ಇದೆ. ಬೇಕೆನಿಸಿದರೆ ಕೋಲಿನೆಸ್ಟರೇಸ್ ರಕ್ತಪರೀಕ್ಷೆ ಮಾಡಿಸುತ್ತಾರೆ. ಆದರೆ ಎಣ್ಣಿ ಹೊಡೆದ ಮೇಲೆ ಜೊಲ್ಲು, ವಾಂತಿ, ವಿಪರೀತ ಬೆವರು, ಕಣ್ಣು ಮಂಜು ಆಗಿದ್ದರೆ ಅದು ವಿಷಬಾಧೆ. ಆಪರೇಷನ್ ತಾರೀಖಿಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲ ಎಣ್ಣಿಯೂ ಒಂದೇ ಜಾತಿಯಲ್ಲ. ಇಮಿಡಾಕ್ಲೋಪ್ರಿಡ್ ಎಂಬ ಎಣ್ಣಿ ಈ ಕಿಣ್ವದ ತಂಟೆಗೆ ಬರುವುದಿಲ್ಲ. ‘ಹುಳದ ಎಣ್ಣಿ’ ಎಂದರೆ ಡಾಕ್ಟರಿಗೆ ಏನೂ ತಿಳಿಯದು. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರಿನ ಫೋಟೊ, ಕೊನೆಗೆ ಹೊಡೆದ ತಾರೀಖು, ಮೈ ತೊಯ್ದಿತ್ತೇ ಎಂಬುದು, ಈ ಮೂರು ಸಾಕು.

ಗುಳಿಗೆಗಳ ಚೀಟಿಯನ್ನೂ ಒಯ್ಯಿರಿ. ಬಹಳ ದಿನ ಫಿಟ್ಸ್‌ಗೆ ಫೆನಿಟಾಯಿನ್ ನುಂಗುವವರಲ್ಲಿ ವೆಕುರೋನಿಯಂ ಬೇಗ ಇಳಿಯುತ್ತದೆ. ಜೆಂಟಾಮೈಸಿನ್, ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್ ಸೂಜಿ ನಡೆದಿದ್ದರೆ ತಡವಾಗಿ ಇಳಿಯುತ್ತದೆ. ಮನೆತನದಲ್ಲಿ ಯಾರನ್ನಾದರೂ ‘ಉಸಿರು ಬರಲಿಲ್ಲ’ವೆಂದು ಆಪರೇಷನ್ ಆದಮೇಲೆ ಮಷಿನ್ ಮೇಲೆ ಇಟ್ಟಿದ್ದರೆ ಅದನ್ನೂ ಹೇಳಿ. ಈ ಕಿಣ್ವದ ಕೊರತೆ ಹುಟ್ಟಿನಿಂದಲೂ ಬರುತ್ತದೆ.