ಕಾರ್ಡಿನ ಗೆರೆ ನೋಡಿ ಮಾತ್ರೆ ಬಿಡಬೇಡಿ ಮಾರಾಯ್ರೆ

ಮೊನ್ನೆ ತೀರ್ಥಹಳ್ಳಿ ಕಡೆಯ ಗೌಡ್ರೊಬ್ರು ಬಂದಿದ್ರು. ಪ್ಲಾಸ್ಟಿಕ್ ಕವರಲ್ಲಿ ಒಂಬತ್ತು ರಿಪೋರ್ಟು, ಒಂಬತ್ತೂ ಹೆಪಟೈಟಿಸ್ ಬಿ (ಲಿವರಿಗೆ ತಗುಲೋ ವೈರಸ್ ಸೋಂಕು) ಕಾರ್ಡ್ ಟೆಸ್ಟಿಂದೇ, ಲ್ಯಾಬ್ ಮಾತ್ರ ಬೇರೆ ಬೇರೆ. ಎಲ್ಲದ್ರಲ್ಲೂ ಪಾಸಿಟಿವ್. ಇಸ್ಪೀಟು ಹರಡಿದಂಗೆ ಮೇಜಿನ ಮೇಲೆ ಹರಡಿ "ಇನ್ನೂ ಹೋಗಿಲ್ಲ ನೋಡಿ ಡಾಕ್ಟ್ರೇ" ಅಂದ್ರು. ನಾನು ರಿಪೋರ್ಟ್ ಬಿಟ್ಟು ಅವರ ಕಣ್ಣು ನೋಡ್ತಾ ಇದ್ದೆ, ಅರಿಶಿಣ ಅರಿಶಿಣ.

ಹರ್ನಿಯಾ ಆಪರೇಷನ್‌ಗೆ ಮುಂಚೆ ಮಾಡೋ ಟೆಸ್ಟಲ್ಲಿ ಅವರಿಗೆ ಇದು ಸಿಕ್ಕಿದ್ದು. ರಕ್ತದಲ್ಲಿ ವೈರಸ್ಸಿನ ಡಿಎನ್ಎ ಜಾಸ್ತಿ ಇತ್ತು, ಲಿವರಿಗೆ ಪೆಟ್ಟು ಬಿದ್ರೆ ರಕ್ತದಲ್ಲಿ ಏರೋ ಎಸ್‌ಜಿಪಿಟಿನೂ ಏರಿತ್ತು, ಹಂಗಾಗಿ ವೈರಸ್ ತಡೆಯೋ ಟೆನೊಫೊವಿರ್ ಮಾತ್ರೆ ಶುರು ಮಾಡಿದ್ದೆ, ದಿನಕ್ಕೆ ಒಂದು. ವರ್ಷದೊಳಗೆ ರಕ್ತದಲ್ಲಿ ವೈರಸ್ಸಿನ ಡಿಎನ್ಎ ಪತ್ತೆಯಾಗದಷ್ಟು ಇಳಿದಿತ್ತು, ನನಗಂತೂ ಖುಷಿ, ಆದ್ರೆ ಅವರು ಎರಡು ತಿಂಗಳಿಗೊಂದ್ಸಲ ಪೇಟೆಗೆ ಬಂದಾಗೆಲ್ಲ ಯಾವುದೋ ಲ್ಯಾಬಿಗೆ ಹೋಗಿ ಕಾರ್ಡ್ ಟೆಸ್ಟ್ ಮಾಡಿಸ್ತಾ, ಅದು ಪಾಸಿಟಿವ್ ಬಂದಾಗೆಲ್ಲ ಮನಸಲ್ಲೇ ಕೊರಗ್ತಾ, ಕೊನೆಗೆ ಈ ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ತಾವೇ ತೀರ್ಮಾನ ಮಾಡಿ ಬಿಟ್ಟೇಬಿಟ್ರು. ಆಮೇಲೆ ನಾಟಿ ಔಷಧಿ, ಉಪ್ಪಿಲ್ಲದ ಗಂಜಿ. ನಾಲ್ಕು ತಿಂಗಳಿಗೆ ಎಸ್‌ಜಿಪಿಟಿ 900 ದಾಟಿತ್ತು.

ಇದನ್ನ ನಾನು ವಾರಕ್ಕೆ ಒಬ್ರಿಗಾದ್ರೂ ಹೇಳ್ತೀನಿ, ಇಲ್ಲೂ ಹೇಳಿಬಿಡ್ತೀನಿ. ಕಾರ್ಡ್ ಟೆಸ್ಟ್ ಹುಡುಕೋದು ಹೆಚ್‌ಬಿಎಸ್‌ಎಜಿ ಅನ್ನೋದನ್ನ, ಅದು ವೈರಸ್ಸಿನ ಹೊರಗಿನ ಅಂಗಿ ಇದ್ದಂಗೆ. ಈ ವೈರಸ್ ತನಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಅಂಗಿ ಹೊಲಿದು ರಕ್ತಕ್ಕೆ ಬಿಡುತ್ತೆ, ಒಳಗೆ ವೈರಸ್ಸೇ ಇಲ್ಲದ ಖಾಲಿ ಅಂಗಿಗಳು. ಮಾತ್ರೆ ನಿಲ್ಲಿಸೋದು ವೈರಸ್ ಮರಿ ಹಾಕೋದನ್ನ, ಅಂಗಿ ಹೊಲಿಯೋದನ್ನಲ್ಲ. ಲಿವರ್ ಜೀವಕೋಶದ ಒಳಗೆ ಅದರ ಮೂಲ ಪ್ರತಿ ಕೂತಿರುತ್ತೆ, ಗದ್ದೆ ಜೇಕು ಗೊತ್ತಲ್ಲ, ಮೇಲೆ ಎಷ್ಟು ಕಿತ್ತರೂ ಗಡ್ಡೆ ಮಣ್ಣೊಳಗೇ ಇರುತ್ತಲ್ಲ, ಹಂಗೆ. ಮಾತ್ರೆ ತಗೊಳ್ಳೋರಲ್ಲಿ ಹೆಚ್‌ಬಿಎಸ್‌ಎಜಿ ಪೂರ್ತಿ ಹೋಗೋದು ವರ್ಷಕ್ಕೆ ನೂರರಲ್ಲಿ ಒಬ್ಬರಿಗೋ ಏನೋ. ಅದಕ್ಕೇ ಕಾರ್ಡಲ್ಲಿ ಎರಡು ಗೆರೆ ಬಂದ್ರೆ ಸೋಂಕು ಇದೆ ಅಂತಷ್ಟೇ ಅರ್ಥ, ಎಷ್ಟಿದೆ, ಮಾತ್ರೆ ಹಿಡೀತಾ ಇಲ್ವಾ ಅಂತ ಆ ಗೆರೆ ಹೇಳಲ್ಲ. ಅದನ್ನ ಹೇಳೋದು ಡಿಎನ್ಎ ಟೆಸ್ಟು, ಎಸ್‌ಜಿಪಿಟಿ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ನೋಡೋ ಸ್ಕ್ಯಾನು. ಆ ಟೆಸ್ಟೆಲ್ಲ ಚೆನ್ನಾಗಿ ಬಂದ್ರೂ ಮಾತ್ರೆ ತಾವಾಗೇ ಬಿಡೋ ಹಂಗಿಲ್ಲ, ಬಿಪಿ ಮಾತ್ರೆ ತಗೊಂಡು ಬಿಪಿ ನಾರ್ಮಲ್ ಬಂತು ಅಂತ ಬಿಡ್ತೀರಾ? (ಬಿಡೋರೂ ಇದ್ದಾರೆ, ಆ ಮಾತು ಬೇಡ.)

ಪಾಸಿಟಿವ್ ಬಂದವರಿಗೆಲ್ಲ ಮಾತ್ರೆ ಬೇಕು ಅಂತಲೂ ಅಲ್ಲ. ಕೆಲವರಿಗೆ ಆರು ತಿಂಗಳಿಗೊಮ್ಮೆ ತೋರಿಸ್ಕೊಂಡ್ರೆ ಸಾಕು, ಅದನ್ನ ನಿಮ್ಮನ್ನ ನೋಡೋ ಡಾಕ್ಟ್ರು ನಿರ್ಧಾರ ಮಾಡಬೇಕು, ನಾನು ಇಲ್ಲಿ ಕೂತು ಹೇಳೋಕಾಗಲ್ಲ. ದುಡ್ಡಿನ ಚಿಂತೆ ಇದ್ರೆ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಟೆಸ್ಟು, ಮಾತ್ರೆ ಎರಡೂ ಉಚಿತ.

ನಾಟಿ ಔಷಧಿ ಕೊಡೋರನ್ನ ಬೈಯೋಕೆ ನನಗೂ ಮನಸಿಲ್ಲ, ನಮ್ಮಜ್ಜಿನೂ ನೆಲನೆಲ್ಲಿ ಅರೆದು ಮಜ್ಜಿಗೇಲಿ ಕೊಡ್ತಿದ್ರು. ಆದ್ರೆ ಮಳೆಗಾಲದಲ್ಲಿ ನೀರು ಕೆಟ್ಟು ಬರೋ ಕಾಮಾಲೆ ಸಾಮಾನ್ಯವಾಗಿ ಹೆಪಟೈಟಿಸ್ ಎ ಅಥವಾ ಇ, ಬಹುತೇಕ ಜನಕ್ಕೆ ತಾನಾಗೇ ವಾಸಿಯಾಗುತ್ತೆ, ಹೆಸರು ಮಾತ್ರ ಸೊಪ್ಪಿಗೆ ಬರುತ್ತೆ. ಬಿ ಹಂಗಲ್ಲ. ಕಣ್ಣು ಹಳದಿ ಮಾಡದೇನೇ ಇಪ್ಪತ್ತು ಮೂವತ್ತು ವರ್ಷ ಸುಮ್ನೆ ಒಳಗೆ ಕೂತಿರಬಹುದು.

ಗೌಡ್ರ ಮನೇಲಿ ಇನ್ನೊಂದು ತಮಾಷೆ. ಅವರ ತಟ್ಟೆ, ಲೋಟ ಬೇರೆ ಇಟ್ಟಿದ್ರಂತೆ, ಮೊಮ್ಮಗನ್ನ ಎತ್ಕೊಳ್ಳೋಕೂ ಬಿಡ್ತಿರ್ಲಿಲ್ಲ. ಜೊತೆಗೆ ಬಂದಿದ್ದ ಮಗನ್ನ ಕೇಳಿದೆ, ಶೇವಿಂಗ್ ರೇಜರ್? "ಅದು ನಮ್ಮಿಬ್ರಿಗೂ ಒಂದೇ ಸಾರ್." ತಲೆ ಚಚ್ಕೊಳ್ಳೋದೊಂದು ಬಾಕಿ! ಊಟ ಮಾಡಿದ್ರೆ, ಮುಟ್ಟಿದ್ರೆ ಬರಲ್ಲ ಇದು. ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗುವಿಗೆ ಬರುತ್ತೆ. ಒಣಗಿದ ರಕ್ತದಲ್ಲೂ ವೈರಸ್ ಕಡಿಮೆ ಅಂದ್ರೂ 7 ದಿನ ಬದುಕಿರುತ್ತೆ. ಮಗಂದು ಪುಣ್ಯಕ್ಕೆ ನೆಗೆಟಿವ್, ಅವತ್ತೇ ಮೊದಲ ಡೋಸ್ ಲಸಿಕೆ ಹಾಕಿಸಿದ್ವಿ, ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು.

ಮಗ ಆಚೆ ಹೋದಮೇಲೆ ಗೌಡ್ರು ದನಿ ತಗ್ಗಿಸಿ "ನನಗೆ ಎಲ್ಲಿಂದ ಬಂತು ಇದು, ನಾನು ಅಂಥವನಲ್ಲ" ಅಂದ್ರು. ಈ ಪ್ರಶ್ನೆಗೆ ಎಷ್ಟು ಸಂಸಾರ ಒಡೆದಿದೆಯೋ. ಬಹುಶಃ ಹುಟ್ಟುವಾಗ್ಲೇ ಬಂದಿರುತ್ತೆ ಗೌಡ್ರೇ, ದೊಡ್ಡವರಾದಮೇಲೆ ತಗುಲಿದ್ರೆ ನೂರಕ್ಕೆ 95 ಜನ ತಾವಾಗೇ ಗೆಲ್ತಾರೆ, ಹುಟ್ಟಿದ ಹೊತ್ತಲ್ಲಿ ತಗುಲಿದ್ರೆ ನೂರಕ್ಕೆ 90 ಮಕ್ಕಳಲ್ಲಿ ಉಳಿದುಬಿಡುತ್ತೆ, ಅದಕ್ಕೇ ಈಗ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಹಾಕೋದು ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ನಮ್ಮಣ್ಣ ಹೊಟ್ಟೇಲಿ ನೀರು ತುಂಬ್ಕೊಂಡು ಹೋದ. ಒಂದು ತೊಟ್ಟು ಕುಡಿದವನಲ್ಲ."

ಅಲ್ಲೇ ಕೂತು ಸೊರಬದಲ್ಲಿರೋ ತಂಗಿಗೆ ಫೋನ್ ಹಚ್ಚಿದ್ರು, ಹೊರಗೆ ಕೂತಿರೋ ಪೇಷಂಟ್‌ಗಳಿಗೆಲ್ಲ ಕೇಳೋ ಹಂಗೆ. "ಹ್ಞೂಂ ಮಾರಾಯ್ತಿ, ಲಿವರಿಂದು, ನೀನೂ ಮಾಡಿಸ್ಬೇಕಂತೆ. ಹೌದು, ಕಾರ್ಡಿಂದೇ. ಒಂದೇ ಸಲ ಮತ್ತೆ! ನನ್ ಥರ ಕಂಡ್ಕಂಡ್ ಲ್ಯಾಬಿಗೆಲ್ಲ ಹೋಗ್ಬೇಡ."