ಹಾಸ್ಟೆಲ್‌ನಲ್ಲಿ ಅನಾಹುತವಾದರೆ ಮೊದಲ ಫೋನ್ ಯಾರಿಗೆ?

ಪ್ರಶ್ನೆ: ನಮ್ಮದು ಸಣ್ಣ ಟ್ರಸ್ಟ್. ಹಳ್ಳಿ ಮಕ್ಕಳಿಗಾಗಿ ಹಾಸ್ಟೆಲ್ ನಡೆಸುತ್ತೇವೆ. ಏನಾದರೂ ಅನಾಹುತವಾದರೆ ಟಿವಿಯವರಿಗೆ ಏನು ಹೇಳಬೇಕು? ಮೊದಲೇ ತಯಾರಾಗಿರಲು ಆಗುತ್ತಾ?

ಉತ್ತರ: ಖಂಡಿತ ಆಗುತ್ತದೆ. ಆದರೆ ನಿಮ್ಮ ಪಟ್ಟಿಯಲ್ಲಿ ಟಿವಿಯವರು ಕೊನೆಗೆ ಬರಲಿ.

ರಾತ್ರಿ ಊಟದ ನಂತರ ಮಕ್ಕಳಿಗೆ ವಾಂತಿ ಶುರುವಾಯಿತು ಅಂದುಕೊಳ್ಳಿ. ವಾರ್ಡನ್ 108ಕ್ಕೆ ಫೋನ್ ಮಾಡುತ್ತಾರೆ. ಆಮೇಲೆ ಅಧ್ಯಕ್ಷರಿಗೆ. ಅವರು "ಸದ್ಯ ಯಾರಿಗೂ ಹೇಳಬೇಡಿ" ಅನ್ನುತ್ತಾರೆ. ಅಷ್ಟರಲ್ಲಿ ಆಂಬುಲೆನ್ಸ್ ವಿಡಿಯೋ ವಾಟ್ಸಾಪ್‌ನಲ್ಲಿ ಊರೂರು ಸುತ್ತಿರುತ್ತದೆ. ಅಪ್ಪ ಅಮ್ಮನಿಗೆ ಸುದ್ದಿ ಮುಟ್ಟುವುದು ಅದರಿಂದ! ಆಮೇಲೆ ನೀವು ಎಷ್ಟೇ ನಿಜ ಹೇಳಿದರೂ ಅವರು ನಂಬುವುದಿಲ್ಲ.

ಹಾಗಾಗಿ ಕ್ರಮ ಈಗಲೇ ಗೊತ್ತುಮಾಡಿ. ಮೊದಲು ಚಿಕಿತ್ಸೆ, ಕೂಡಲೇ ಪೋಷಕರು, ಆಮೇಲೆ ಸಂಬಂಧಪಟ್ಟ ಅಧಿಕಾರಿಗಳು, ಸಿಬ್ಬಂದಿ, ದಾನಿಗಳು. ಪೋಷಕರ ನಂಬರ್‌ಗಳು ವಾರ್ಡನ್ ಕೋಣೆಯಲ್ಲಿ ಕಾಗದದ ಮೇಲೇ ಇರಲಿ. ಅಕೌಂಟೆಂಟ್‌ಗೆ ಮಾತ್ರ ಪಾಸ್‌ವರ್ಡ್ ಗೊತ್ತಿರುವ ಕಂಪ್ಯೂಟರ್‌ನಲ್ಲಿ ಇದ್ದರೆ ರಾತ್ರಿ ಹೊತ್ತು ಏನು ಪ್ರಯೋಜನ?

ಹೊರಗೆ ಮಾತಾಡುವವರು ಒಬ್ಬರೇ ಇರಲಿ, ಅವರಿಲ್ಲದಾಗ ಇನ್ನೊಬ್ಬರು. ಅದು ಅಧ್ಯಕ್ಷರೇ ಆಗಬೇಕಿಲ್ಲ. ಮೈಕ್ ಕಂಡರೆ ಭಾಷಣಕ್ಕೆ ಇಳಿಯುವ ಅಧ್ಯಕ್ಷರಿದ್ದರೆ ಬೇಡವೇ ಬೇಡ. ಗೇಟ್ ಹತ್ತಿರ ಸಿಗುವ ಅಡುಗೆಯವರಿಗೂ ಒಂದು ಮಾತು ಹೇಳಿಕೊಡಿ: "ಮೇಡಂ ಮಾತಾಡ್ತಾರೆ, ಅವರ ನಂಬರ್ ಕೊಡ್ತೀನಿ."

ಮೊದಲ ಹೇಳಿಕೆ ಮೂರೇ ಸಾಲು ಸಾಕು. "ರಾತ್ರಿ ಊಟದ ನಂತರ ಕೆಲವು ಮಕ್ಕಳಿಗೆ ಹುಷಾರು ತಪ್ಪಿದೆ. ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಿ ಪೋಷಕರಿಗೆ ತಿಳಿಸಿದ್ದೇವೆ. ಬೆಳಿಗ್ಗೆ 8ಕ್ಕೆ ಮತ್ತೆ ಮಾಹಿತಿ ಕೊಡುತ್ತೇವೆ." ಆ 8 ಗಂಟೆಗೆ ಹೊಸದೇನೂ ಇಲ್ಲದಿದ್ದರೂ ಬಂದು ಅಷ್ಟನ್ನೇ ಹೇಳಿ. ಡಾಕ್ಟರ್ ಹೇಳುವ ಮೊದಲೇ "ಎಲ್ಲರೂ ಆರಾಮಾಗಿದ್ದಾರೆ" ಅನ್ನಬೇಡಿ. ಅಡುಗೆಯವರ ಮೇಲೆ ಸುಮ್ನೆ ತಪ್ಪು ಹೊರಿಸಲೂಬೇಡಿ.

ಲೈಂಗಿಕ ದೌರ್ಜನ್ಯದ ದೂರಾದರೆ ಕಥೆಯೇ ಬೇರೆ. "ಮೊದಲು ನಾವೇ ವಿಚಾರಿಸಿ ನೋಡ್ತೀವಿ" ಅನ್ನುವಂತಿಲ್ಲ. 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೂ ಅಪರಾಧ. ಮಗುವಿನ ಹೆಸರು, ಫೋಟೋ, ಮನೆ, ಶಾಲೆಯ ವಿವರ ಯಾವುದೂ ಹೊರಬರಬಾರದು. ಸಹಾಯಕ್ಕೆ ಮಕ್ಕಳ ಸಹಾಯವಾಣಿ 1098 ಇದೆ.

ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬ್ರಿಟನ್ನಿನ ಸೇವಾ ಸಂಸ್ಥೆ ಆಕ್ಸ್‌ಫಾಮ್ ಸಾಕ್ಷಿ. 2010ರ ಭೂಕಂಪದ ನಂತರ ಹೈಟಿಯಲ್ಲಿ ಅದರ ಕೆಲವು ಸಿಬ್ಬಂದಿ ಲೈಂಗಿಕ ದುರ್ನಡತೆಯಲ್ಲಿ ಸಿಕ್ಕಿಬಿದ್ದಿದ್ದರು. ಸಂಸ್ಥೆ 2011ರಲ್ಲೇ ವಿಚಾರಣೆ ನಡೆಸಿತ್ತು. ಆದರೆ ಆಗ ಹೊರಗೆ ಹೇಳಿದ್ದು ಬರೀ 'ದುರ್ನಡತೆ' ಅಂತ, ಎಂಥದ್ದು ಅಂತ ಬಿಡಿಸಿ ಹೇಳಲಿಲ್ಲ. 2018ರ ಫೆಬ್ರವರಿಯಲ್ಲಿ ಪತ್ರಿಕೆಯೊಂದು ಅದನ್ನು ಬಯಲಿಗೆಳೆಯಿತು. ಟೀಕೆ ಅತಿಯಾಯಿತು ಎಂಬರ್ಥದಲ್ಲಿ ಆಕ್ಸ್‌ಫಾಮ್ ಮುಖ್ಯಸ್ಥರು ಸಂದರ್ಶನದಲ್ಲಿ ಗೊಣಗಿದ್ದು ಬೆಂಕಿಗೆ ತುಪ್ಪ ಸುರಿಯಿತು. ಆ ಮಾತಿಗೆ ಅವರು ಸಂಸದರ ಮುಂದೆ ಕ್ಷಮೆ ಕೇಳಬೇಕಾಯಿತು. ಕೆಲವೇ ದಿನಗಳಲ್ಲಿ ಸುಮಾರು 7,000 ದಾನಿಗಳು ತಿಂಗಳ ದೇಣಿಗೆ ನಿಲ್ಲಿಸಿದ್ದರು.

ಇಷ್ಟೆಲ್ಲ ಬರೆದು ಫೈಲಿಗೆ ಹಾಕಿದರೆ ಮುಗಿಯಲಿಲ್ಲ. ಜೂನ್‌ನಲ್ಲಿ ಹಾಸ್ಟೆಲ್ ತೆರೆದಾಗ ಒಮ್ಮೆ, ದಸರಾ ರಜೆ ಮುಗಿದಾಗ ಇನ್ನೊಮ್ಮೆ ಪಟ್ಟಿಯ ಪ್ರತಿ ನಂಬರಿಗೂ ಫೋನ್ ಮಾಡಿ ನೋಡಿ. ಪೋಷಕರು ಸಿಮ್ ಬದಲಾಯಿಸಿರುತ್ತಾರೆ, ಕೆಲವರು ಕೂಲಿಗೆ ಬೇರೆ ಊರಿಗೆ ಹೋಗಿರುತ್ತಾರೆ. ಅಂಥವರ ಪಕ್ಕದ ಮನೆಯವರ ನಂಬರನ್ನೂ ಬರೆದಿಟ್ಟುಕೊಳ್ಳಿ.