ಎರಡನೆಯ ಬಾರಿಯ ತೂಕ ಇಳಿಕೆ ಶಸ್ತ್ರಚಿಕಿತ್ಸೆ: ವಿಧಾನಕ್ಕಿಂತ ಮೊದಲು ಕಾರಣ

ಮುಂಬಯಿಯಲ್ಲಿ ತೂಕ ಇಳಿಕೆಯ ಎರಡನೆಯ ಶಸ್ತ್ರಚಿಕಿತ್ಸೆ ಬಯಸಿ ನನ್ನ ಬಳಿ ಬರುವವರಲ್ಲಿ ಹಲವರು ಅದರ ಹೆಸರನ್ನೂ ನಿಶ್ಚಯಿಸಿಕೊಂಡೇ ಬಂದಿರುತ್ತಾರೆ. "ಸ್ಲೀವ್ ಕೈಕೊಟ್ಟಿತು ಡಾಕ್ಟರೇ, ಈಗ ಮಿನಿ ಬೈಪಾಸ್ ಮಾಡಿಕೊಡಿ" ಎನ್ನುತ್ತಾರೆ. (ಸ್ಲೀವ್ ಎಂದರೆ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆದು ಕಿರಿದಾದ ಕೊಳವೆಯಷ್ಟನ್ನು ಉಳಿಸುವುದು; ಬೈಪಾಸ್ ಎಂದರೆ ಜಠರವನ್ನು ಸಣ್ಣ ಚೀಲವಾಗಿಸಿ, ಕರುಳಿನ ಒಂದಷ್ಟು ಭಾಗವನ್ನು ಬದಿಗಿಟ್ಟು ಅದಕ್ಕೆ ಜೋಡಿಸುವುದು.) ಮೊದಲನೆಯದು ಏಕೆ ಕೈಕೊಟ್ಟಿತು ಎಂದು ಕೇಳಿದರೆ ಬಹುತೇಕರಲ್ಲಿ ಉತ್ತರವಿರುವುದಿಲ್ಲ. ಬೇಸರದ ಸಂಗತಿಯೆಂದರೆ, ಅದಕ್ಕೂ ಮುನ್ನ ಅವರು ಕಂಡ ಕೆಲವು ವೈದ್ಯರೂ ಆ ಪ್ರಶ್ನೆಯನ್ನು ಕೇಳಿರುವುದಿಲ್ಲ. ಮರುಶಸ್ತ್ರಚಿಕಿತ್ಸೆಯಲ್ಲಿ ವೈದ್ಯರ ಆಯ್ಕೆಯೂ ವಿಧಾನದ ಆಯ್ಕೆಯೂ ಈ ಪ್ರಶ್ನೆಯಿಂದಲೇ ಆರಂಭವಾಗಬೇಕು.

ಶಸ್ತ್ರಚಿಕಿತ್ಸೆಯ ನಂತರ ಒಂದೆರಡು ವರ್ಷಗಳಲ್ಲಿ ತೂಕ ಅತ್ಯಂತ ಕೆಳಮಟ್ಟಕ್ಕೆ ಬಂದು, ಬಳಿಕ ಸ್ವಲ್ಪ ಏರುವುದು ಸಹಜ. ನಲವತ್ತು ಕಿಲೋ ಇಳಿಸಿಕೊಂಡವರಿಗೆ ಐದಾರು ಕಿಲೋ ಮರಳಿ ಬಂದರೆ ಅದನ್ನು ವೈಫಲ್ಯವೆಂದು ಕರೆದು ಮತ್ತೆ ಹೊಟ್ಟೆ ತೆರೆಯುವ ಅಗತ್ಯವಿಲ್ಲ. ಇಳಿದ ತೂಕದ ಬಹುಪಾಲು ಮರಳಿದವರ ಮಾತು ಬೇರೆ. ತೂಕ ಹಿಡಿತದಲ್ಲಿದ್ದರೂ ತೀವ್ರ ಎದೆಯುರಿ, ವಾಂತಿ ಅಥವಾ ಅಪೌಷ್ಟಿಕತೆಯಿಂದ ಬಳಲುವವರ ಮಾತು ಇನ್ನೂ ಬೇರೆ. ಎರಡನೆಯ ಶಸ್ತ್ರಚಿಕಿತ್ಸೆಯ ಪ್ರಯೋಜನ ಅತ್ಯಂತ ಸ್ಪಷ್ಟವಾಗಿ ಕಾಣುವುದು ಈ ಕೊನೆಯ ಗುಂಪಿನವರಲ್ಲಿ ಎಂಬುದು ನನ್ನ ಅನುಭವ.

ಮೊದಲು ಬೇಕಾದದ್ದು ಹಳೆಯ ಶಸ್ತ್ರಚಿಕಿತ್ಸೆಯ ಟಿಪ್ಪಣಿ. ಬಿಡುಗಡೆ ಪತ್ರದಲ್ಲಿರುವ ಒಂದು ಸಾಲು ಸಾಲದು. ಸ್ಲೀವ್ ಆಗಿದ್ದರೆ ಎಷ್ಟು ದಪ್ಪದ ನಳಿಕೆಯನ್ನು ಒಳಗಿಟ್ಟು ಜಠರವನ್ನು ಕತ್ತರಿಸಿದರು, ಜಠರದ ಮೇಲ್ಭಾಗವನ್ನು ಪೂರ್ತಿ ತೆಗೆದರೇ, ವಪೆಯಲ್ಲಿ ಹರ್ನಿಯಾ ಇತ್ತೇ ಎಂಬುದು ಅದರಲ್ಲಿರುತ್ತದೆ. ಬೈಪಾಸ್ ಆಗಿದ್ದರೆ ಎಷ್ಟು ಸೆಂಟಿಮೀಟರ್ ಕರುಳನ್ನು ಬದಿಗೆ ಸರಿಸಿದರು ಎಂಬ ಅಳತೆ ಇರುತ್ತದೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯ ಪ್ರಕಾರ ದಾಖಲೆ ಕೇಳಿದ 72 ಗಂಟೆಗಳೊಳಗೆ ಅದನ್ನು ಒದಗಿಸಬೇಕು. ಆದರೆ ದಾಖಲೆಗಳನ್ನು ಕಾಪಾಡುವ ಹೊಣೆ ಚಿಕಿತ್ಸೆ ಆರಂಭವಾದಂದಿನಿಂದ 3 ವರ್ಷಗಳಿಗೆ ಮಾತ್ರ. ಆದುದರಿಂದ ಇಂದು ಆರೋಗ್ಯವಾಗಿರುವವರೂ ಆ ಪ್ರತಿಯನ್ನು ಈಗಲೇ ತರಿಸಿಟ್ಟುಕೊಳ್ಳುವುದು ಲೇಸು. ಹಳೆಯ ಕಡತವನ್ನು ಕೇಳದೆ, ಎಂಡೋಸ್ಕೋಪಿಯನ್ನೂ ಬೇರಿಯಂ ಎಕ್ಸ್‌ರೇಯನ್ನೂ ಮಾಡಿಸದೆ ಮೊದಲ ಭೇಟಿಯಲ್ಲೇ ಶಸ್ತ್ರಚಿಕಿತ್ಸೆಯ ಹೆಸರು ಹೇಳಿ ಪ್ಯಾಕೇಜಿನ ದರ ತಿಳಿಸುವವರಿಂದ ಎದ್ದು ಬರಬೇಕು.

ಈ ಪರೀಕ್ಷೆಗಳಿಂದ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು. ಡೊಂಬಿವಲಿಯ ಹೋಟೆಲು ಮಾಲೀಕರೊಬ್ಬರಿಗೆ ಸ್ಲೀವ್ ನಂತರ ಇಳಿದ ತೂಕದ ಅರ್ಧಕ್ಕಿಂತ ಹೆಚ್ಚು ಮರಳಿತ್ತು. ಚೀಲ ಹಿಗ್ಗಿದೆ ಎಂಬುದು ಅವರ ಖಚಿತ ನಂಬಿಕೆ. ಎಂಡೋಸ್ಕೋಪಿಯಲ್ಲಿ ನೋಡಿದರೆ ಜಠರ ಕಿರಿದಾಗಿಯೇ ಇತ್ತು. ಆಹಾರತಜ್ಞೆ ಅವರ ದಿನವನ್ನು ಗಂಟೆ ಗಂಟೆಗೆ ಬರೆಸಿಕೊಂಡಾಗ ವಿಷಯ ಹೊರಬಂತು: ಗಲ್ಲಾದಲ್ಲಿ ಕುಳಿತು ಬೆಳಗಿನಿಂದ ಸಂಜೆಯವರೆಗೆ ಸಕ್ಕರೆ ಹಾಕಿದ ಕಟಿಂಗ್ ಚಹಾ, ರಾತ್ರಿ ಶಟರ್ ಎಳೆದ ಮೇಲೆ ಶೀರಾ, ಐಸ್‌ಕ್ರೀಂ. ಸ್ಲೀವ್ ತಡೆಯುವುದು ಗಟ್ಟಿ ಆಹಾರವನ್ನು. ಸಿಹಿ ದ್ರವವೂ ಮೆತ್ತಗಿನ ತಿಂಡಿಯೂ ಅದರೊಳಗಿಂದ ಸಲೀಸಾಗಿ ಇಳಿಯುತ್ತವೆ. ಅವರಿಗೆ ಪಥ್ಯದ ಜೊತೆ ಔಷಧಿ ಆರಂಭಿಸಿದೆವು. 2025ರಿಂದ ಟಿರ್ಜೆಪಟೈಡ್ ಮತ್ತು ತೂಕ ಇಳಿಕೆಗೆಂದೇ ನಿಗದಿಯಾದ ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ಭಾರತದಲ್ಲಿ ಸಿಗುತ್ತಿರುವುದರಿಂದ, ಇವನ್ನು ಪ್ರಸ್ತಾಪಿಸದೆಯೇ ನೇರ ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವ ಸಲಹೆಯನ್ನು ನಾನು ಪೂರ್ಣ ಸಲಹೆಯೆಂದು ಒಪ್ಪಲಾರೆ.

ಪುಣೆಯ ಒಬ್ಬ ಮಹಿಳೆಯದು ಇದಕ್ಕೆ ವಿರುದ್ಧವಾದ ಸ್ಥಿತಿ. ತೂಕ ಚೆನ್ನಾಗಿ ಇಳಿದಿತ್ತು, ಆದರೆ ಮೂರು ದಿಂಬು ಏರಿಸಿಕೊಳ್ಳದೆ ಮಲಗುವಂತಿರಲಿಲ್ಲ. ನಡುರಾತ್ರಿ ಹುಳಿನೀರು ಗಂಟಲಿಗೆ ಬರುತ್ತಿತ್ತು. ಬೇರಿಯಂ ಕುಡಿಸಿ ಚಿತ್ರ ತೆಗೆದಾಗ ಸ್ಲೀವಿನ ನಡುವಿನ ಬಾಗಿನಲ್ಲಿ ದಾರಿ ಇಕ್ಕಟ್ಟಾಗಿ, ಬಿಳಿಯ ದ್ರವ ಅದರ ಮೇಲೆಯೇ ನಿಂತು ಅನ್ನನಾಳಕ್ಕೆ ಮರಳುತ್ತಿರುವುದು ಕಂಡಿತು. ಅವರಿಗೆ ಬೇರೊಂದೆಡೆ ಸೂಚಿಸಿದ್ದು ಮಿನಿ ಬೈಪಾಸ್. ಅದರಲ್ಲಿ ಕರುಳನ್ನು ಒಂದೇ ಕಡೆ ಜೋಡಿಸುವುದರಿಂದ ಪಿತ್ತರಸ ಜಠರದ ಚೀಲಕ್ಕೆ, ಅಲ್ಲಿಂದ ಅನ್ನನಾಳಕ್ಕೆ ಬರುವ ಸಾಧ್ಯತೆ ಇರುತ್ತದೆ. ಮುಖ್ಯ ತೊಂದರೆ ಎದೆಯುರಿಯೇ ಆಗಿರುವಾಗ, ಪಿತ್ತರಸವನ್ನು ದೂರ ಸಾಗಿಸುವ ರೂ-ಎನ್-ವೈ ಬೈಪಾಸ್ ಸಾಮಾನ್ಯವಾಗಿ ಸರಿಯಾದ ಆಯ್ಕೆ. ಅವರಿಗೂ ಅದನ್ನೇ ಮಾಡಲಾಯಿತು.

ಹೆಚ್ಚು ಕರುಳನ್ನು ಬದಿಗಿಟ್ಟಷ್ಟೂ ತೂಕ ಹೆಚ್ಚು ಇಳಿಯುತ್ತದೆ, ನಿಜ. ಜೊತೆಗೆ ಪ್ರೋಟೀನ್, ಕಬ್ಬಿಣ, ಬಿ12, ಡಿ ಜೀವಸತ್ವಗಳೂ ಇಳಿಯುತ್ತವೆ. ಸಸ್ಯಾಹಾರಿಗಳಿಗೆ, ಮಾತ್ರೆ ಮತ್ತು ರಕ್ತಪರೀಕ್ಷೆಗಳನ್ನು ಮೊದಲ ಬಾರಿಯೇ ಬಿಟ್ಟುಬಿಟ್ಟವರಿಗೆ, ಸಾಡಿಯಂಥ, ಕರುಳಿನ ಬಹುಭಾಗವನ್ನು ಬದಿಗಿಡುವ ಉದ್ದನೆಯ ಬೈಪಾಸ್‌ಗಳನ್ನು ಸೂಚಿಸಲು ನಾನು ಹಿಂದೆಗೆಯುತ್ತೇನೆ. ಮೊದಲೇ ಬೈಪಾಸ್ ಆದವರಲ್ಲಿ ದಾರಿಗಳು ಇನ್ನೂ ಕಡಿಮೆ. ಜಠರಕ್ಕೂ ಕರುಳಿಗೂ ನಡುವಿನ ಜೋಡಣೆ ಹಿಗ್ಗಿದ್ದರೆ ಎಂಡೋಸ್ಕೋಪಿಯಿಂದಲೇ ಹೊಲಿಗೆ ಹಾಕಿ ಕಿರಿದಾಗಿಸಬಹುದು. ಅಲ್ಲಿ ಹುಣ್ಣಾಗಿದ್ದರೆ ನೋವಿನ ಮಾತ್ರೆ ಮತ್ತು ತಂಬಾಕಿನ ಬಗ್ಗೆ ವಿಚಾರಿಸಲೇಬೇಕು. ಈ ಕಡೆ ಸಿಗರೇಟಿನ ಬಗ್ಗೆ ಮಾತ್ರ ಕೇಳಿದರೆ ಹೆಂಗಸರು ಇಲ್ಲವೆಂದೇ ಹೇಳುತ್ತಾರೆ, ಹಲ್ಲಿಗೆ ಉಜ್ಜುವ ಮಿಶ್ರಿಯನ್ನು ಯಾರೂ ತಂಬಾಕೆಂದು ಎಣಿಸುವುದಿಲ್ಲ.

ವೈದ್ಯರನ್ನು ಕೇಳಬೇಕಾದದ್ದು ಒಟ್ಟು ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದೀರಿ ಎಂದಲ್ಲ. ಅದರಲ್ಲಿ ಮರುಶಸ್ತ್ರಚಿಕಿತ್ಸೆಗಳೆಷ್ಟು, ಎಷ್ಟರಲ್ಲಿ ಹೊಲಿಗೆಯ ಜಾಗದಿಂದ ಸೋರಿಕೆಯಾಯಿತು, ಸೋರಿಕೆಯಾದರೆ ಅದನ್ನು ಒಳಗಿಂದ ಮುಚ್ಚುವ ಸ್ಟೆಂಟ್ ಕೊಳವೆಯನ್ನು ನಡುರಾತ್ರಿಯಲ್ಲೂ ಹಾಕಬಲ್ಲ ಎಂಡೋಸ್ಕೋಪಿ ತಜ್ಞರು ಅದೇ ಆಸ್ಪತ್ರೆಯಲ್ಲಿ ಇದ್ದಾರೆಯೇ ಎಂದು. ಹಳೆಯ ಗಾಯದ ಅಂಟುಗಳಿಂದಲೂ ಅಂಗಾಂಶಕ್ಕೆ ರಕ್ತಸಂಚಾರ ತಗ್ಗಿರುವುದರಿಂದಲೂ ಎರಡನೆಯ ಬಾರಿ ಸೋರಿಕೆಯ ಅಪಾಯ ಮೊದಲ ಬಾರಿಗಿಂತ ಹೆಚ್ಚು. ರೋಬೋಟ್ ಇದೆ ಎಂಬ ಜಾಹೀರಾತು ಇವುಗಳಲ್ಲಿ ಯಾವ ಪ್ರಶ್ನೆಗೂ ಉತ್ತರವಲ್ಲ. ಮೊದಲ ವೈದ್ಯರಿಗೆ ಬೇಸರವಾದೀತೆಂಬ ದಾಕ್ಷಿಣ್ಯ ನಮ್ಮವರಲ್ಲಿ ಬಹಳ. ಅವರ ಬಳಿಗೇ ಮರಳುವುದರಲ್ಲಿ ತಪ್ಪಿಲ್ಲ, ಆದರೆ ಇನ್ನೊಬ್ಬರ ಅಭಿಪ್ರಾಯವನ್ನೂ ಪಡೆದು ಮರಳಿ.

ವಿಮೆಯ ವಿಷಯವನ್ನೂ ಮುಂಚೆಯೇ ಲಿಖಿತವಾಗಿ ಇತ್ಯರ್ಥ ಮಾಡಿಕೊಳ್ಳಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ನಿಗದಿಪಡಿಸಿದ ಷರತ್ತಿನಂತೆ ಸ್ಥೂಲಕಾಯದ ಶಸ್ತ್ರಚಿಕಿತ್ಸೆಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 40 ಇರಬೇಕು, ಅಥವಾ 35ರ ಜೊತೆ ಹತೋಟಿಗೆ ಬಾರದ ಮಧುಮೇಹದಂಥ ಗಂಭೀರ ಕಾಯಿಲೆ ಇರಬೇಕು. ಎದೆಯುರಿಗಾಗಿ ಬರುವವರ ಬಿಎಂಐ ಇದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಅಂಥವರ ಅರ್ಜಿಯಲ್ಲಿ ಎಂಡೋಸ್ಕೋಪಿ ವರದಿಯೇ ಮುಂದಿರಬೇಕು.

ಉಡುಪಿ, ಮಂಗಳೂರು ಕಡೆಯಿಂದ ಸಂಬಂಧಿಕರ ಮನೆಯಲ್ಲಿದ್ದು ಇಲ್ಲಿ ಚಿಕಿತ್ಸೆ ಪಡೆಯುವವರು ಮರುಪ್ರಯಾಣದ ಟಿಕೆಟನ್ನು ಕನಿಷ್ಠ ಎರಡು ವಾರ ಮುಂದಕ್ಕೆ ಇಟ್ಟುಕೊಳ್ಳಲಿ. ಸೋರಿಕೆ ಅನೇಕ ವೇಳೆ ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಕಾಣಿಸಿಕೊಳ್ಳುತ್ತದೆ. ಸುಮ್ಮನೆ ಕುಳಿತಿರುವಾಗಲೂ ನಾಡಿ ನಿಮಿಷಕ್ಕೆ 120 ದಾಟಿದರೆ, ಜ್ವರ ಬಂದರೆ ಅಥವಾ ಎಡಭುಜ ನೋಯತೊಡಗಿದರೆ ಬೆಳಗಾಗಲೆಂದು ಕಾಯದೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಗೇ ಹೋಗಬೇಕು.